ಬರ್ಬನ್ ಮತ್ತು ರೈ: ಎರಡು ಗ್ಲಾಸು ಪಕ್ಕಪಕ್ಕ ಇಟ್ಟು ರುಚಿ ನೋಡುವ ಬಗೆ

"ಬರ್ಬನ್ನಿಗೂ ರೈಗೂ ಏನು ವ್ಯತ್ಯಾಸ?" "ಎರಡೂ ನನಗೆ ಒಂದೇ ಥರ ಅನಿಸುತ್ತೆ, ನನ್ನ ನಾಲಿಗೆಯೇ ಸರಿ ಇಲ್ಲವಾ?" ಈ ಎರಡು ಪ್ರಶ್ನೆ ಎಷ್ಟು ಸಲ ಬಂದಿವೆಯೆಂದರೆ, ಒಮ್ಮೆ ಕೂತು ಪೂರ್ತಿ ಬರೆದುಬಿಡುವುದೇ ವಾಸಿ ಅನಿಸಿತು. ಎರಡೂ ಅಮೆರಿಕದ ವಿಸ್ಕಿಗಳೇ. ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಇವತ್ತೊಂದು ಬಾಟಲಿ, ಮುಂದಿನ ತಿಂಗಳು ಇನ್ನೊಂದು ಬಾಟಲಿ ಕುಡಿದು ಹೋಲಿಸುತ್ತೇನೆ ಎಂದರೆ ಯಾರಿಂದಲೂ ಆಗದು. ವಾಸನೆಯ ನೆನಪು ಅಷ್ಟು ದಿನ ನಿಲ್ಲುವುದಿಲ್ಲ. ಎರಡನ್ನೂ ಒಂದೇ ಹೊತ್ತಿನಲ್ಲಿ ಪಕ್ಕಪಕ್ಕ ಇಡಬೇಕು. ಎರಡರಲ್ಲೂ ಇರುವುದನ್ನು ಮೊದಲು ಕಳೆದು, ಒಂದರಲ್ಲಿ ಮಾತ್ರ ಇರುವುದನ್ನು ಹುಡುಕಬೇಕು. ಆಗ ಗೊತ್ತಾಗುತ್ತದೆ.

ಇದು ಈಗಾಗಲೇ ಕುಡಿಯುವ ಅಭ್ಯಾಸವಿರುವ ವಯಸ್ಕರಿಗಾಗಿ ಬರೆದದ್ದು. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ಮದ್ಯದ ಜೊತೆ ಸೇರಬಾರದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದಕ್ಕೆ ಕೈಹಾಕಬೇಡಿ. ಇಡೀ ಸಂಜೆಗೆ ಒಬ್ಬರಿಗೆ ಬೇಕಾಗುವುದು 60 ಮಿ.ಲೀ., ಅಂದರೆ ಒಂದು ಲಾರ್ಜ್ ಪೆಗ್. ನಾಲ್ಕು ಗ್ಲಾಸು ಕಂಡು ಗಾಬರಿಯಾಗಬೇಡಿ, ಒಂದೊಂದರಲ್ಲಿ ಇರುವುದು 15 ಮಿ.ಲೀ. ಮಾತ್ರ. ಬಾಯಲ್ಲಿ ಆಡಿಸಿ ಉಗುಳಿದರೂ ಕಲಿಕೆಗೆ ಕೊರತೆ ಇಲ್ಲ. ಅಷ್ಟಾದರೂ ಆ ರಾತ್ರಿ ಗಾಡಿಯ ಕೀ ಮುಟ್ಟಬೇಡಿ.

ಮೊದಲು ಲೇಬಲ್ ಓದೋಣ

ಬರ್ಬನ್ ಎಂದು ಕರೆಸಿಕೊಳ್ಳಲು ಅಮೆರಿಕದ ಕಾನೂನು ಕೆಲವು ಷರತ್ತು ಹಾಕಿದೆ. ಅಮೆರಿಕದಲ್ಲೇ ತಯಾರಾಗಿರಬೇಕು. ಬೇಯಿಸುವ ಧಾನ್ಯದಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದಷ್ಟು ಮೆಕ್ಕೆಜೋಳ ಇರಬೇಕು. ಉತ್ತರ ಕರ್ನಾಟಕದವರು ಗೋವಿನಜೋಳ ಎನ್ನುವುದೂ, ಮೈಸೂರು ಕಡೆಯವರು ಮುಸುಕಿನ ಜೋಳ ಎನ್ನುವುದೂ ಇದನ್ನೇ. ಒಳಮೈ ಸುಟ್ಟು ಕರಿ ಮಾಡಿದ ಹೊಚ್ಚಹೊಸ ಓಕ್ ಮರದ ಪೀಪಾಯಿಯಲ್ಲಿ ಹಾಕಿಡಬೇಕು. ನೀರನ್ನು ಬಿಟ್ಟು ಬೇರೇನೂ ಬೆರೆಸುವಂತಿಲ್ಲ, ಬಣ್ಣವನ್ನೂ ಕೂಡ. ಅಲ್ಲಿಯ ಕೆಂಟಕಿ ರಾಜ್ಯದಲ್ಲೇ ಆಗಬೇಕೆಂಬ ನಿಯಮ ಇಲ್ಲ. ಬಹುಪಾಲು ಅಲ್ಲಿಂದ ಬರುತ್ತದೆ, ಅಷ್ಟೆ.

ರೈ ವಿಸ್ಕಿಗೆ ಮೆಕ್ಕೆಜೋಳದ ಬದಲು ರೈ ಧಾನ್ಯ ಶೇ. 51 ಇರಬೇಕು. ಹಿಂದಿಯವರ 'ರಾಯಿ', ಅಂದರೆ ನಮ್ಮ ಸಾಸಿವೆ, ಇದಕ್ಕೆ ಏನೂ ಆಗಬೇಕಿಲ್ಲ. ಸಾಸಿವೆಯಿಂದ ವಿಸ್ಕಿ ಹೇಗೆ ಮಾಡುತ್ತಾರೆಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ರೈ ಎನ್ನುವುದು ಗೋಧಿ, ಬಾರ್ಲಿಯ ಬಳಗಕ್ಕೆ ಸೇರಿದ, ಚಳಿ ಸೀಮೆಯ ಧಾನ್ಯ. ನಮ್ಮ ಹೊಲಗಳಲ್ಲಿ ಬೆಳೆಯದ್ದರಿಂದ ಕನ್ನಡದಲ್ಲಿ ಬಳಕೆಯ ಹೆಸರೂ ಇಲ್ಲ. ಪೀಪಾಯಿಯ ಕಾನೂನು ಎರಡಕ್ಕೂ ಒಂದೇ: ಹೊಸದು, ಸುಟ್ಟದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೇಬಲ್ ಮೇಲೆ ಕಾಣುವ ಇನ್ನು ಕೆಲವು ಪದಗಳು:

- ಮ್ಯಾಶ್ ಬಿಲ್: ಯಾವ ಧಾನ್ಯ ಶೇಕಡ ಎಷ್ಟು ಎಂಬ ಪಾಲಿನ ಲೆಕ್ಕ.
- ಪ್ರೂಫ್: ಅಮೆರಿಕದ ಲೆಕ್ಕದಲ್ಲಿ ಆಲ್ಕೋಹಾಲ್ ಶೇಕಡದ ಎರಡರಷ್ಟು. 101 ಪ್ರೂಫ್ ಎಂದರೆ ಶೇ. 50.5. ನಮ್ಮ ಅಂಗಡಿಯ ಬಾಟಲಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ ಶೇ. 42.8. ಆದ್ದರಿಂದ ಇಲ್ಲಿಯ ಅಂದಾಜಿನಲ್ಲಿ ಅಲ್ಲಿಯದನ್ನು ಸುರಿದುಕೊಳ್ಳಬೇಡಿ.
- ಸ್ಟ್ರೇಟ್: ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಕಳೆದದ್ದು. 4 ವರ್ಷಕ್ಕಿಂತ ಕಡಿಮೆಯಾದರೆ ವಯಸ್ಸನ್ನು ಲೇಬಲ್ ಮೇಲೆ ಹೇಳಲೇಬೇಕು.
- ಬಾಟಲ್ಡ್ ಇನ್ ಬಾಂಡ್: ಅಮೆರಿಕದ 1897ರ ಕಾಯ್ದೆಯಿಂದ ಬಂದ ಗುರುತು. ಒಂದೇ ಭಟ್ಟಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ, ಆಲ್ಕೋಹಾಲ್ ಸರಿಯಾಗಿ ಶೇ. 50.
- ವೀಟೆಡ್: ಬರ್ಬನ್ನಿನಲ್ಲಿ ಎರಡನೆಯ ಧಾನ್ಯವಾಗಿ ರೈ ಬದಲು ಗೋಧಿ ಹಾಕಿದ್ದು.

ಎರಡು ಕಡೆ ಮೋಸಹೋಗುತ್ತಾರೆ. ಕೆನಡಾದ ಬಾಟಲಿಯ ಮೇಲೆ 'ರೈ' ಎಂದಿದ್ದರೆ ಅದು ಹಳೆಯ ರೂಢಿಯ ಮಾತು. ಒಳಗೆ ರೈ ಧಾನ್ಯ ತೀರಾ ಕಡಿಮೆ ಇರಬಹುದು. ಜೇನು, ಚೆರಿ, ಸೇಬು ಎಂದು ಚಿತ್ರ ಹಾಕಿದ ಬಾಟಲಿಗಳು ಸಿಹಿ, ಪರಿಮಳ ಬೆರೆಸಿದವು. ಹೋಲಿಕೆಗೆ ಇವೆರಡೂ ಬೇಡ.

1. ಬಾಟಲಿ ಆರಿಸುವುದು

ನಾನು ಸೂಚಿಸುವುದು ಎರಡು ಜೋಡಿ. ಮನಸ್ಸಿಗೆ ಬಂದ ನಾಲ್ಕು ಹೆಸರನ್ನು ಒಟ್ಟು ಮಾಡಿದ್ದಲ್ಲ, ಇದಕ್ಕೊಂದು ಲೆಕ್ಕ ಇದೆ.

ಮೊದಲ ಜೋಡಿ: ವೈಲ್ಡ್ ಟರ್ಕಿ 101 ಬರ್ಬನ್ ಮತ್ತು ವೈಲ್ಡ್ ಟರ್ಕಿ 101 ರೈ. ಕೆಂಟಕಿಯ ಲಾರೆನ್ಸ್‌ಬರ್ಗ್‌ನಲ್ಲಿರುವ ಒಂದೇ ಮನೆತನದ ಸರಕು. ಎರಡರಲ್ಲೂ ಆಲ್ಕೋಹಾಲ್ ಶೇ. 50.5. ಎರಡಕ್ಕೂ ಒಂದೇ ಬಗೆಯ, ಗಾಢವಾಗಿ ಸುಟ್ಟ ಪೀಪಾಯಿ. ಮುಖ್ಯವಾಗಿ ಬದಲಾಗುವುದು ಧಾನ್ಯದ ಪಾಲು: ಬರ್ಬನ್ನಿನಲ್ಲಿ ಮೆಕ್ಕೆಜೋಳ ಶೇ. 75, ರೈ ಶೇ. 13, ರೈಯಲ್ಲಿ ರೈ ಶೇ. 51, ಮೆಕ್ಕೆಜೋಳ ಶೇ. 37. ಉಳಿದದ್ದು ಮೊಳಕೆ ಬರಿಸಿದ ಬಾರ್ಲಿ. ಧಾನ್ಯ ಬದಲಾದರೆ ರುಚಿಗೆ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಎರಡನೆಯ ಜೋಡಿ ಎರಡು ತುದಿಗಳದ್ದು. ಒಂದು ಕಡೆ ಮೇಕರ್ಸ್ ಮಾರ್ಕ್. ಗೋಧಿ ಹಾಕಿದ ಬರ್ಬನ್, ರೈ ಒಂದು ಕಾಳೂ ಇಲ್ಲ. ಇನ್ನೊಂದು ಕಡೆ ಬುಲೆಟ್ ರೈ. ಶೇ. 95 ರೈ, ಉಳಿದ 5 ಬಾರ್ಲಿ. ಎರಡರಲ್ಲೂ ಆಲ್ಕೋಹಾಲ್ ಶೇ. 45. ಈ 95ರ ಪಾಕ ಹೆಸರಾದದ್ದು ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನ ದೊಡ್ಡ ಭಟ್ಟಿಯಿಂದ. ಕೆಂಟಕಿಯ ಲಾರೆನ್ಸ್‌ಬರ್ಗ್ ಬೇರೆ, ಇದು ಬೇರೆ. ಹೆಸರು ಒಂದೇ ಆದದ್ದರಿಂದ ಓದುವಾಗ ಗೊಂದಲವಾಗುತ್ತದೆ.

ಅಮೆರಿಕದಲ್ಲಿರುವ ಓದುಗರಿಗೆ ಇವು ನಾಲ್ಕೂ ಸಾಧಾರಣ ಅಂಗಡಿಯಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಮೇಕರ್ಸ್ ಮಾರ್ಕ್, ಜಿಮ್ ಬೀಮ್ ಎಂಬ ಇನ್ನೊಂದು ಬರ್ಬನ್ ಸಿಗುತ್ತವೆ, ರೈ ಅಪರೂಪ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತು. ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಇದ್ದೇ ಇದೆ, ಹಾಗಾಗಿ ಅಗ್ಗವಂತೂ ಅಲ್ಲ. ಅಮೆರಿಕದಿಂದ ಊರಿಗೆ ಬರುವ ಅಣ್ಣನೋ ಭಾವನೋ ಇದ್ದರೆ, ಒಬ್ಬ ಪ್ರಯಾಣಿಕ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು: 750 ಮಿ.ಲೀ.ಯ ಎರಡು ಬಾಟಲಿ. ತರಿಸುವುದಾದರೆ ಎರಡೂ ರೈ ತರಿಸಿಕೊಳ್ಳಿ. ರೈ ಸಿಗಲೇ ಇಲ್ಲವೆಂದರೆ ಜಿಮ್ ಬೀಮ್ ಮತ್ತು ಮೇಕರ್ಸ್ ಮಾರ್ಕ್‌ನಿಂದ ಶುರು ಮಾಡಿ. ಜಿಮ್ ಬೀಮ್‌ನಲ್ಲಿ ಸ್ವಲ್ಪ ರೈ ಇದೆ, ಮೇಕರ್ಸ್‌ನಲ್ಲಿ ಗೋಧಿ ಇದೆ. ವ್ಯತ್ಯಾಸ ಸಣ್ಣದು, ಆದರೆ ಹಿಡಿಯಬಹುದು.

ವಯಸ್ಸು ಹೆಚ್ಚಾದಷ್ಟೂ ಒಳ್ಳೆಯದು ಎಂಬ ಸ್ಕಾಚ್ ಲೆಕ್ಕವನ್ನು ಇಲ್ಲಿ ತರಬೇಡಿ. ಕೆಂಟಕಿಯ ಬೇಸಿಗೆ ಬಿರುಸು, ಪೀಪಾಯಿಯೂ ಹೊಸದು. ಮರ ಬೇಗ ಬಿಟ್ಟುಕೊಡುತ್ತದೆ. 6ರಿಂದ 8 ವರ್ಷದಲ್ಲಿ ಹದಕ್ಕೆ ಬಂದದ್ದು 15 ವರ್ಷಕ್ಕೆ ಬರೀ ಮರದ ಒಗರಾಗಿ ಕೂರಬಹುದು.

2. ಕೋಣೆ, ಗ್ಲಾಸು, ನೀರು

ಒಂದೇ ಅಳತೆಯ, ಬಾಯಿ ಕಿರಿದಾದ ನಾಲ್ಕು ಗ್ಲಾಸು ಬೇಕು. ಗ್ಲೆನ್‌ಕೇರ್ನ್ ಎಂಬ ಮೊಗ್ಗಿನಾಕಾರದ ಗ್ಲಾಸು ಇದಕ್ಕೆಂದೇ ಮಾಡಿದ್ದು. ಇಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸು ಸಾಕು. ಅಗಲ ಬಾಯಿಯ ವಿಸ್ಕಿ ಗ್ಲಾಸಿನಲ್ಲಿ ಪರಿಮಳ ನಿಲ್ಲುವುದಿಲ್ಲ. ಸೋಪಿನ ವಾಸನೆ, ಒರೆಸಿದ ಬಟ್ಟೆಯ ವಾಸನೆ ಗ್ಲಾಸಿನಲ್ಲಿ ಉಳಿದಿದೆಯೇ ಎಂದು ಖಾಲಿ ಗ್ಲಾಸನ್ನು ಮೊದಲು ಮೂಸಿ ನೋಡಿ.

ನೀರು ಬೋರ್‌ವೆಲ್ಲಿನದು ಬೇಡ, ಅದರ ಉಪ್ಪು ಎಲ್ಲವನ್ನೂ ಕೆಡಿಸುತ್ತದೆ. ಫಿಲ್ಟರ್ ನೀರೋ ಬಾಟಲಿ ನೀರೋ ಇರಲಿ, ತಣ್ಣಗಿರಬಾರದು. ಮೆಡಿಕಲ್ ಅಂಗಡಿಯಿಂದ ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ತಂದಿಡಿ. ನಂಚಿಕೊಳ್ಳಲು ಉಪ್ಪಿಲ್ಲದ ಬಿಸ್ಕತ್ತೋ ಬ್ರೆಡ್ಡೋ ಸಾಕು. ಖಾರದ ಕಡಲೆಬೀಜ, ಚಿಪ್ಸು, ಕಬಾಬು ಎಲ್ಲ ಕಲಿಕೆ ಮುಗಿದ ಮೇಲೆ. ಖಾರ ತಿಂದ ನಾಲಿಗೆಗೆ ರೈಯ ಮೆಣಸು ತಿಳಿಯುವುದೇ ಇಲ್ಲ.

ಇನ್ನು ಮನೆಯ ವಾಸನೆ. ಒಗ್ಗರಣೆಯ ಹೊತ್ತು, ದೇವರ ಮನೆಯ ಊದಿನಕಡ್ಡಿ, ಮಲ್ಲಿಗೆ ಹೂ, ಸೆಂಟು, ಎಲೆಅಡಿಕೆ, ಸಿಗರೇಟು ಇವು ಯಾವುದೂ ಹತ್ತಿರ ಇರಬಾರದು. ಹಲ್ಲುಜ್ಜಿ, ಫಿಲ್ಟರ್ ಕಾಫಿ ಕುಡಿದು ಒಂದು ಗಂಟೆಯಾದರೂ ಕಳೆದಿರಲಿ. ನನ್ನ ಮನೆಯಲ್ಲಿ ಒಮ್ಮೆ ಪಕ್ಕದ ಕೋಣೆಯಲ್ಲಿ ಗಂಧದ ಕಡ್ಡಿ ಹಚ್ಚಿದ್ದು ನನಗೆ ಗೊತ್ತಿರಲಿಲ್ಲ. ನಾಲ್ಕೂ ಗ್ಲಾಸಿನ ಮುಂದೆ 'ಗಂಧದ ಮರ' ಎಂದು ಬರೆದಿಟ್ಟಿದ್ದೆ. ಆ ಹಾಳೆ ಹರಿದುಹಾಕಿ ಮರುದಿನ ಮತ್ತೆ ಕೂರಬೇಕಾಯಿತು.

3. ಸುರಿಯುವುದು

ಕಡಿಮೆ ಬಲದ್ದು, ಅಂದರೆ ಆಲ್ಕೋಹಾಲ್ ಶೇಕಡ ಕಡಿಮೆ ಇರುವುದು ಮೊದಲು, ಹೆಚ್ಚಿನದು ಆಮೇಲೆ. ಸಮ ಬಲದಲ್ಲಿ ಬರ್ಬನ್ ಮೊದಲು, ರೈ ಆಮೇಲೆ. ನಮ್ಮ ಸಾಲು ಎಡದಿಂದ ಬಲಕ್ಕೆ: ಮೇಕರ್ಸ್ ಮಾರ್ಕ್, ಬುಲೆಟ್ ರೈ, 101 ಬರ್ಬನ್, 101 ರೈ. ತಲಾ 15 ಮಿ.ಲೀ. ಅಳೆದು ಸುರಿದು ಹತ್ತು ನಿಮಿಷ ಮುಟ್ಟದೆ ಬಿಡಿ. ಐಸ್, ಸೋಡಾ ಬೇಡ. ತಣ್ಣಗಾದರೆ ಪರಿಮಳ ಏಳುವುದಿಲ್ಲ.

4. ಮೂಸುವುದು

ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಆಗುತ್ತದೆ. ಅವಸರ ಮಾಡಬೇಡಿ.

ಗ್ಲಾಸಿನೊಳಗೆ ಮೂಗು ತೂರಿಸಿ ಜೋರಾಗಿ ಎಳೆದರೆ ಬರುವುದು ಘಾಟು ಮಾತ್ರ, ಒಣಮೆಣಸಿನಕಾಯಿ ಹುರಿದಾಗ ನೆತ್ತಿಗೆ ಏರುತ್ತದಲ್ಲ, ಹಾಗೆ. ಒಮ್ಮೆ ಏರಿತೆಂದರೆ ಮೂಗು ಕೆಲವು ನಿಮಿಷ ಮಂಕಾಗುತ್ತದೆ. ಗ್ಲಾಸನ್ನು ಗಲ್ಲದ ಮಟ್ಟದಲ್ಲಿ ಹಿಡಿಯಿರಿ, ತುಟಿ ಸ್ವಲ್ಪ ತೆರೆದಿರಲಿ, ಮೂಗು ಬಾಯಿ ಎರಡರಿಂದಲೂ ಸಣ್ಣಗೆ ಉಸಿರೆಳೆಯಿರಿ. ಘಾಟು ಇಲ್ಲದಷ್ಟು ಹತ್ತಿರ ಎಲ್ಲಿಯೋ ಅಲ್ಲಿ ನಿಲ್ಲಿಸಿ.

ಶುರುವಿಗೆ 101 ಜೋಡಿಯನ್ನು ಮಾತ್ರ ಎತ್ತಿಕೊಳ್ಳಿ. ಕುಡಿಯುವ ಸಾಲು ಬೇರೆ, ಮೂಸುವ ಸಾಲು ಬೇರೆ. ಬರ್ಬನ್ ಮೂಸಿ, ರೈ ಮೂಸಿ, ಮತ್ತೆ ಬರ್ಬನ್ನಿಗೆ ವಾಪಸು ಬನ್ನಿ. ವಾಪಸು ಬಂದಾಗಲೇ ವ್ಯತ್ಯಾಸ ಕಣ್ಣಿಗೆ ಕಟ್ಟುವುದು.

ಎರಡರಲ್ಲೂ ಮೊದಲು ಸಿಗುವುದು ವೆನಿಲಾ, ಸುಟ್ಟ ಸಕ್ಕರೆ, ಒಣ ಕೊಬ್ಬರಿ, ಲವಂಗ. ಇವೆಲ್ಲ ಬಂದದ್ದು ಮರದಿಂದ. ಓಕ್ ಸುಟ್ಟಾಗ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲಾದ ಪರಿಮಳ ಕೊಡುವ ವೆನಿಲಿನ್ ಆಗುತ್ತದೆ. ಮರದೊಳಗಿನ ಸಕ್ಕರೆ ಕಂದಿ ಕ್ಯಾರಮೆಲ್ ಆಗುತ್ತದೆ. ಕೊಬ್ಬರಿ ವಾಸನೆ ಓಕ್‌ನ ಲ್ಯಾಕ್ಟೋನ್‌ಗಳಿಂದ, ಲವಂಗದ್ದು ಯೂಜಿನಾಲ್‌ನಿಂದ. ನಿಜವಾದ ಲವಂಗದಲ್ಲಿ ಇರುವುದೂ ಅದೇ ಯೂಜಿನಾಲ್. ಕಾನೂನು ಎರಡಕ್ಕೂ ಹೊಸ ಪೀಪಾಯಿಯನ್ನೇ ಕಡ್ಡಾಯ ಮಾಡಿರುವುದರಿಂದ ಎರಡರಲ್ಲೂ ಇವು ಇದ್ದೇ ಇರುತ್ತವೆ. "ಎರಡೂ ಒಂದೇ ಥರ" ಎನ್ನುವವರು ಇಲ್ಲೇ ನಿಂತುಬಿಟ್ಟವರು. ಅವರು ಮೂಸಿದ್ದು ಮರವನ್ನು.

(ಒಮ್ಮೆ ಬರ್ಬನ್ ತುಂಬಿದ ಪೀಪಾಯಿ ಮತ್ತೆ ಬರ್ಬನ್ನಿಗೆ ಬರುವುದಿಲ್ಲವಲ್ಲ, ಅವು ಹೊರದೇಶಗಳಿಗೆ ಹೋಗುತ್ತವೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಮಾಗುವುದೂ ಹೆಚ್ಚಾಗಿ ಅಂಥ ಹಳೆಯ ಬರ್ಬನ್ ಪೀಪಾಯಿಗಳಲ್ಲೇ. ಅಮೃತ್ ಕುಡಿದು ಬಲ್ಲವರಿಗೆ ಈ ವೆನಿಲಾ, ಕೊಬ್ಬರಿ ಈಗಾಗಲೇ ಪರಿಚಯದ ವಾಸನೆ.)

ಹಾಗಾಗಿ ಮರವನ್ನು ಕಳೆದುಬಿಡಿ. ವೆನಿಲಾ ಇದೆ, ಸರಿ, ಪಕ್ಕಕ್ಕಿಡಿ. ಸುಟ್ಟ ಸಕ್ಕರೆ ಇದೆ, ಪಕ್ಕಕ್ಕಿಡಿ. ಇನ್ನೇನು ಉಳಿಯಿತು? ಬರ್ಬನ್ನಿನಲ್ಲಿ ಉಳಿಯುವುದು ದುಂಡಗಿನ ಸಿಹಿ: ಬೇಯಿಸಿದ ಜೋಳದ ತೆನೆ, ಬಿಸಿ ಬೆಲ್ಲ, ಕಳಿತ ಹಣ್ಣು. ರೈಯಲ್ಲಿ ಉಳಿಯುವುದು ಹಸಿರು ಮತ್ತು ಸಾಂಬಾರ ಪದಾರ್ಥ: ಕಾಳುಮೆಣಸು, ಪುದೀನ, ಕಿತ್ತಳೆ ಸಿಪ್ಪೆ. ಈಗ ಶೇ. 95ರ ರೈ ಎತ್ತಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವವರು ಇದಕ್ಕೆ ಡಿಲ್ ಎನ್ನುತ್ತಾರೆ. ಡಿಲ್ ಎಂದರೆ ಸಬ್ಬಸಿಗೆ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು ಹೆಚ್ಚುವಾಗ ಕೈಗೆ ಹತ್ತುವ ವಾಸನೆ ನಮಗೆ ಚಿಕ್ಕಂದಿನಿಂದ ಗೊತ್ತು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮೂಸಿ. ಹೆಸರು ಸಿಕ್ಕಿದ ಕೂಡಲೇ ವಾಸನೆಯೂ ಸಿಗುತ್ತದೆ.

ಇದಕ್ಕೇ ನಾನು ಹಠ ಹಿಡಿದು ಹೇಳುವುದು: ವಾಸನೆಯ ಹೆಸರನ್ನು ನಿಮ್ಮ ಅಡುಗೆಮನೆಯಿಂದ ತೆಗೆದುಕೊಳ್ಳಿ. ಬ್ಲ್ಯಾಕ್‌ಬೆರಿ, ಮೇಪಲ್ ಸಿರಪ್ ಎಂದು ಯಾರೋ ಬರೆದದ್ದನ್ನು ನೋಡಿ ನೀವು ತಿನ್ನದ ಹಣ್ಣನ್ನು ಗ್ಲಾಸಿನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು? ಆಲೆಮನೆ, ಚಿಕ್ಕಿ, ಏಲಕ್ಕಿ ಬಾಳೆ, ಚಕ್ಕೆ, ಓಂಕಾಳು, ನೆನೆದ ಮರ, ಹೊಸ ಚರ್ಮದ ಚಪ್ಪಲಿ ಇವೆಲ್ಲ ಸಲ್ಲುವ ಮಾತುಗಳೇ. ಜಿಮ್ ಬೀಮ್‌ನಲ್ಲಿ ಹುರಿದ ಕಡಲೆಬೀಜದ ವಾಸನೆ ಇದೆ ಎನ್ನುವವರು ಬಹಳ. ಕಡಲೆ ಚಿಕ್ಕಿ ಪಕ್ಕಕ್ಕಿಟ್ಟು ಮೂಸಿ, ತಾಳೆ ನೋಡಿ.

ಮೂಗು ದಣಿದರೆ ನಿಮ್ಮ ಮೊಣಕೈ ಮಡಿಕೆಯ ಚರ್ಮವನ್ನೇ ಮೂಸಿ. ನಿಮ್ಮ ಮೈವಾಸನೆಗೆ ಮೂಗು ಒಗ್ಗಿರುವುದರಿಂದ ಅದಕ್ಕೆ ಬಿಡುವು ಸಿಗುತ್ತದೆ. ಕಾಫಿ ಬೀಜ ಮೂಸುವ ರೂಢಿ ನನಗೆ ಸರಿಬರುವುದಿಲ್ಲ, ಅದೇ ಒಂದು ದೊಡ್ಡ ವಾಸನೆ.

5. ಬಾಯಿಗೆ ಹಾಕುವುದು

ಮೊದಲ ಗುಟುಕಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಅದು ಬಾಯಿಯನ್ನು ಒಗ್ಗಿಸಲು ಮಾತ್ರ. ಎರಡನೆಯದು ಅರ್ಧ ಚಮಚದಷ್ಟಿರಲಿ. ನಾಲಿಗೆಯ ಮೇಲೆಲ್ಲ ಹರಡಿ, ಹತ್ತು ಎಣಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ನುಂಗಿದ ಮೇಲೆ ಉಳಿಯುವ ರುಚಿಗೆ ಫಿನಿಶ್ ಎನ್ನುತ್ತಾರೆ. ಎದೆಯವರೆಗೆ ಇಳಿಯುವ ಬೆಚ್ಚಗಿನ ಭಾವಕ್ಕೆ ಅಲ್ಲಿಯವರು 'ಕೆಂಟಕಿ ಅಪ್ಪುಗೆ' ಎಂಬ ಹೆಸರಿಟ್ಟಿದ್ದಾರೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಆಲ್ಕೋಹಾಲ್ ಉರಿಯನ್ನು ರೈಯ ಖಾರ ಎಂದುಕೊಳ್ಳುತ್ತಾರೆ. ಉರಿ ಕೂಡಲೇ ಬರುತ್ತದೆ, ಗಂಟಲಲ್ಲಿ ಇರುತ್ತದೆ, ಬೇಗ ಇಳಿಯುತ್ತದೆ. ರೈಯ ಖಾರ ತಡವಾಗಿ ಬರುತ್ತದೆ, ನಾಲಿಗೆಯ ಮೇಲೆ ಕಾಳುಮೆಣಸಿನ ಸಾರು ಕುಡಿದ ಹಾಗೆ ಜುಮುಗುಟ್ಟುತ್ತಾ ಉಳಿಯುತ್ತದೆ. ಹಾಗೆಯೇ ಒಗರನ್ನೂ ಬೇರೆ ಮಾಡಿ: ಬಾಯಿ ಒಣಗಿಸಿ ಹಿಡಿದಂತಾಗುವುದು, ಎಳೆ ಅಡಿಕೆ ಜಗಿದಾಗಿನಂತೆ, ಪೀಪಾಯಿಯ ಟ್ಯಾನಿನ್‌ನಿಂದ. ಅದು ಧಾನ್ಯದ್ದಲ್ಲ.

ಮೇಕರ್ಸ್ ಮಾರ್ಕ್‌ನಲ್ಲಿ ಗೋಧಿಯ ರುಚಿ ಎಲ್ಲಿದೆ ಎಂದು ಹುಡುಕುತ್ತಾ ಕೂರಬೇಡಿ. ಗೋಧಿ ತಾನಾಗಿ ಹೆಚ್ಚು ಮಾತಾಡುವುದಿಲ್ಲ. ರೈ ಇಲ್ಲದ ಕಾರಣ ಮೆಕ್ಕೆಜೋಳದ ಸಿಹಿ ಅಡೆತಡೆಯಿಲ್ಲದೆ ಕೊನೆಯವರೆಗೆ ಬರುತ್ತದೆ. ನಾಲಿಗೆಗೆ ಮೆತ್ತಗೆ ತಾಕುವುದು ಆ ಕಾರಣಕ್ಕೆ.

6. ನೀರು ಹಾಕಿ ಬಲ ಸಮ ಮಾಡುವುದು

ಶೇ. 50.5ರದ್ದನ್ನು ಶೇ. 45ರ ಪಕ್ಕ ಇಟ್ಟರೆ, ಬಲ ಹೆಚ್ಚಿರುವುದೇ 'ರುಚಿ ಹೆಚ್ಚು' ಅನಿಸಿಬಿಡುತ್ತದೆ. ಸಮ ಮಾಡುವ ಲೆಕ್ಕ ಸುಲಭ:

ಹಾಕಬೇಕಾದ ನೀರು = ಗ್ಲಾಸಿನಲ್ಲಿರುವ ವಿಸ್ಕಿ × (ಈಗಿನ ಶೇಕಡ ÷ ಬೇಕಾದ ಶೇಕಡ − 1)

15 ಮಿ.ಲೀ. 101ನ್ನು ಶೇ. 45ಕ್ಕೆ ಇಳಿಸಲು 1.8 ಮಿ.ಲೀ. ನೀರು ಸಾಕು. ಗ್ಲಾಸಿನಲ್ಲಿ ಈಗ 10 ಮಿ.ಲೀ. ಮಾತ್ರ ಉಳಿದಿದ್ದರೆ 1.2. ಸಿರಿಂಜ್ ತರಿಸಿದ್ದು ಇದಕ್ಕೇ. ಮೇಕರ್ಸ್ ಮಾರ್ಕ್ ಮತ್ತು ಜಿಮ್ ಬೀಮ್ ಜೋಡಿಗೂ ಬಾಟಲಿಯ ಮೇಲಿನ ಅಂಕಿ ನೋಡಿ ಹೀಗೇ ಮಾಡಿ. ನೀರು ಹಾಕಿದ ಮೇಲೆ ಐದು ನಿಮಿಷ ಬಿಟ್ಟು ಮತ್ತೆ ಮೂಸಿ. ಉರಿ ತಗ್ಗಿದರೂ ಖಾರ ಉಳಿದರೆ, ಅದು ಧಾನ್ಯದ ಖಾರ.

7. ಬರೆದಿಡುವುದು

ನಾಲ್ಕೇ ಸಾಲು, ಕುಡಿಯುತ್ತಿರುವಾಗಲೇ. ಮರುದಿನ ಬರೆಯುವುದು ನೆನಪಲ್ಲ, ಕಲ್ಪನೆ. ನನ್ನ ಪುಸ್ತಕದಲ್ಲಿ 101 ಜೋಡಿ ಹೀಗಿದೆ:

*ಬರ್ಬನ್: ಮೂಗಿಗೆ ಆಲೆಮನೆಯ ಬಿಸಿ ಬೆಲ್ಲ, ಒಣ ಕೊಬ್ಬರಿ. ಬಾಯಲ್ಲಿ ಮೊದಲು ಸಿಹಿ, ನಡುವೆ ಚಕ್ಕೆ. ಕೊನೆಗೆ ಒಗರು, ಉದ್ದ. ನೀರು ಹಾಕಿದರೆ ಸಿಹಿ ಮುಂದೆ ಬಂತು.*

*ರೈ: ಬೆಲ್ಲ ಇದೆ, ಹಿಂದೆ ನಿಂತಿದೆ. ಮುಂದೆ ಕಿತ್ತಳೆ ಸಿಪ್ಪೆ, ಪುದೀನ. ಬಾಯಲ್ಲಿ ಸಿಹಿ ಬೇಗ ಮುಗಿದು ಕಾಳುಮೆಣಸು. ನೀರು ಹಾಕಿದರೂ ಮೆಣಸು ಹೋಗಲಿಲ್ಲ.*

ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಚಟ ಬೇಡ. '88' ಎಂಬ ಅಂಕಿ ಆರು ತಿಂಗಳ ಮೇಲೆ ನಿಮಗೇ ಏನೂ ಹೇಳುವುದಿಲ್ಲ. 'ಮೆಣಸು ಹೋಗಲಿಲ್ಲ' ಎಂಬ ಮಾತು ಹೇಳುತ್ತದೆ.

8. ಹೆಸರು ಮುಚ್ಚಿಟ್ಟು ಪರೀಕ್ಷೆ

ಬಾಟಲಿ ಕಣ್ಣೆದುರು ಇರುವವರೆಗೆ ನಾವು ರುಚಿ ನೋಡುವುದು ಲೇಬಲ್ಲನ್ನೇ. ಬೆಲೆ ಗೊತ್ತಿದ್ದರಂತೂ ಕೇಳುವುದೇ ಬೇಡ. ಇನ್ನೊಂದು ಸಂಜೆ ಮನೆಯವರನ್ನೋ ಗೆಳೆಯರನ್ನೋ ಕರೆದು ತ್ರಿಕೋನ ಪರೀಕ್ಷೆ ಮಾಡಿ. ಅವರು ಮೂರು ಗ್ಲಾಸಿನ ತಳಕ್ಕೆ ಗುರುತು ಅಂಟಿಸಿ, ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆಯದು, ತಲಾ 5 ಮಿ.ಲೀ. ಸುರಿಯಲಿ. ನೀವು ಆಗ ಇನ್ನೊಂದು ಕೋಣೆಯಲ್ಲಿ ಇರಬೇಕು. ಬಂದು, ಬೇರೆಯದು ಯಾವುದೆಂದು ಹೇಳಬೇಕು. ಯಾವುದು ಬರ್ಬನ್, ಯಾವುದು ರೈ ಎಂಬುದು ಆಮೇಲಿನ ಮಾತು.

ಬರೀ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ. ಆದ್ದರಿಂದ ಒಂದು ಸಲ ಗೆದ್ದದ್ದಕ್ಕೆ ಅರ್ಥವಿಲ್ಲ. ಐದು ಸಲ ಮಾಡಿ ನಾಲ್ಕು ಸಲ ಸರಿಯಾಗಿ ಹೇಳಿದರೆ, ಅದು ಊಹೆಯಿಂದ ಆಗಿರುವ ಸಂಭವ ಶೇ. 5ಕ್ಕಿಂತ ಕಡಿಮೆ. ಐದನ್ನೂ ಒಂದೇ ರಾತ್ರಿ ಮಾಡಬೇಡಿ. ಮೂರನೆಯದಕ್ಕೇ ಮೂಗು ಕೈಕೊಡುತ್ತದೆ, ಕುಡಿದದ್ದೂ ಹೆಚ್ಚಾಗುತ್ತದೆ. ವಾರಕ್ಕೊಂದು ಸಾಕು. ಮೊದಲು ಮೇಕರ್ಸ್ ಮಾರ್ಕ್ ಮತ್ತು ಬುಲೆಟ್ ರೈ, ಅದು ಸಲೀಸಾದ ಮೇಲೆ 101 ಜೋಡಿ. ಎರಡನೆಯದು ನಿಜಕ್ಕೂ ಕಷ್ಟ. ಶೇ. 51ರ ರೈಯಲ್ಲಿ ಮೆಕ್ಕೆಜೋಳ ಮೂರನೇ ಒಂದಕ್ಕಿಂತ ಹೆಚ್ಚಿದೆಯಲ್ಲ. ತಪ್ಪಿದರೆ ಬೇಸರ ಬೇಡ, ಎಲ್ಲಿ ತಪ್ಪಿತೆಂದು ಬರೆದಿಡಿ.

9. ಉಳಿದದ್ದನ್ನು ಕಾಪಾಡುವುದು

ಬಾಟಲಿಯನ್ನು ವೈನ್ ಥರ ಮಲಗಿಸಬೇಡಿ. ಬಲವಾದ ಮದ್ಯ ಬಿರಡೆಯನ್ನು ತಿಂದು ಪುಡಿ ಮಾಡುತ್ತದೆ. ನಿಲ್ಲಿಸಿ, ಬಿಸಿಲು ಬೀಳದ ಬೀರುವಿನಲ್ಲಿಡಿ. ಅರ್ಧಕ್ಕಿಂತ ಕೆಳಗಿಳಿದ ಬಾಟಲಿಯಲ್ಲಿ ಗಾಳಿ ಹೆಚ್ಚಾಗಿ, ಕೆಲವು ತಿಂಗಳಲ್ಲಿ ಪರಿಮಳ ಮಂಕಾಗುತ್ತದೆ. ಇದರಿಂದ ಹೋಲಿಕೆಯೂ ಕೆಡುತ್ತದೆ: ಹೊಸದಾಗಿ ತೆರೆದ ರೈಯನ್ನು, ವರ್ಷದಿಂದ ತಳದಲ್ಲಿ ಕೂತ ಬರ್ಬನ್ನಿನ ಪಕ್ಕ ಇಟ್ಟರೆ ಬರ್ಬನ್ನಿಗೆ ಅನ್ಯಾಯ. ಹೊಸ ಬಾಟಲಿ ತೆರೆದ ದಿನವೇ 60 ಮಿ.ಲೀ.ಯ ಚಿಕ್ಕ ಗಾಜಿನ ಶೀಷೆಗಳಲ್ಲಿ ಎರಡನ್ನು ಅಂಚಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಹೆಸರು ಮತ್ತು ತಾರೀಖು ಬರೆದು ತೆಗೆದಿಡಿ. ಪ್ಲಾಸ್ಟಿಕ್ ಬೇಡ, ಕೆಮ್ಮಿನ ಔಷಧದ ಹಳೆಯ ಶೀಷೆಯೂ ಬೇಡ; ಎಷ್ಟು ತೊಳೆದರೂ ಆ ವಾಸನೆ ಹೋಗುವುದಿಲ್ಲ. ಮುಂದಿನ ವರ್ಷ ಬೇರೆ ಯಾವುದಾದರೂ ರೈ ಕೈಗೆ ಸಿಕ್ಕಾಗ, ಪಕ್ಕಕ್ಕಿಟ್ಟು ನೋಡಲು ಇವೇ ಬೇಕಾಗುವುದು.